ಹಳೆಯ ಗೇಮ್ ಕನ್ಸೋಲ್‌ಗಳನ್ನು ಹೋಲಿಸುವ ಬಗೆ

ಮೊದಲು ಒಂದೇ ತಲೆಮಾರಿನ ಯಂತ್ರಗಳನ್ನು ಆರಿಸಿಕೊಳ್ಳಿ. ಪ್ರೊಸೆಸರ್‌ನ ವೇಗವೊಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. ಸೆಗಾ ಮೆಗಾ ಡ್ರೈವ್‌ನ ಪ್ರೊಸೆಸರ್ ಸುಮಾರು 7.6 ಮೆಗಾಹರ್ಟ್ಸ್ ವೇಗದ್ದು, ಸೂಪರ್ ನಿಂಟೆಂಡೊದ್ದು ಹೆಚ್ಚೆಂದರೆ 3.58, ಆದರೆ ಚಿಪ್‌ಗಳ ವಿನ್ಯಾಸವೇ ಬೇರೆಯಾದ್ದರಿಂದ ಈ ಅಂಕಿಗಳನ್ನು ನೇರವಾಗಿ ಎದುರುಬದುರಿಡುವುದು ಸರಿಯಲ್ಲ.

ಬಳಿಕ ಬಣ್ಣ ಮತ್ತು ರೆಸಲ್ಯೂಶನ್ (ಚಿತ್ರದಲ್ಲಿರುವ ಚುಕ್ಕಿಗಳ ಸಂಖ್ಯೆ) ಎರಡನ್ನೂ ಒಟ್ಟಿಗೆ ಗಮನಿಸಿ. ಸೂಪರ್ ನಿಂಟೆಂಡೊ 32,768 ಬಣ್ಣಗಳಿಂದ ಸಾಮಾನ್ಯವಾಗಿ 256ನ್ನು ಒಮ್ಮೆಗೆ ತೋರಿಸಬಲ್ಲದು. ಮೆಗಾ ಡ್ರೈವ್‌ಗೆ ಇರುವುದು 512ರಲ್ಲಿ ಅರವತ್ತರಷ್ಟು ಮಾತ್ರ, ಆದರೂ ಅದರ 320×224 ಚಿತ್ರ ಎದುರಾಳಿಯ 256×224ಕ್ಕಿಂತ ಅಡ್ಡಕ್ಕೆ ಹೆಚ್ಚು ಚುಕ್ಕಿಗಳುಳ್ಳದ್ದು.

ಮೂರು ಆಯಾಮದ ಯಂತ್ರಗಳಲ್ಲಿ ಕೊರತೆಗಳನ್ನೇ ಹುಡುಕುವುದು ಹೆಚ್ಚು ಫಲಕಾರಿ ಎಂಬುದು ನನ್ನ ಅಭಿಪ್ರಾಯ. ಮೊದಲ ಪ್ಲೇಸ್ಟೇಷನ್ ಆಕೃತಿಗಳ ಮೇಲ್ಮೈಗೆ ಹೊದಿಸುವ ಚಿತ್ರಗಳಾದ ಟೆಕ್ಸ್ಚರ್‌ಗಳನ್ನು ದೂರಕ್ಕೆ ತಕ್ಕಂತೆ ತಿದ್ದುವುದಿಲ್ಲವಾದ್ದರಿಂದ ಗೋಡೆ, ನೆಲಗಳು ಹತ್ತಿರದಿಂದ ಸೊಟ್ಟಗೆ ಕಾಣುತ್ತವೆ. ನಿಂಟೆಂಡೊ 64 ಇದನ್ನು ಸರಿಪಡಿಸುತ್ತದೆ. ಆದರೆ ಅದರ ಟೆಕ್ಸ್ಚರ್ ಮೆಮೊರಿ ಕೇವಲ 4 ಕಿಲೋಬೈಟ್ ಆದ್ದರಿಂದ, ಚಿಕ್ಕ ಚಿತ್ರಗಳನ್ನು ಹಿಗ್ಗಿಸಿ ನಯಗೊಳಿಸಿದಾಗ ಎಲ್ಲವೂ ಮಸುಕಾಗಿ ತೋರುತ್ತದೆ.

ಸಾಧ್ಯವಾದರೆ ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಲ್ಲೇ ನೋಡಿ: ಮೆಗಾ ಡ್ರೈವ್‌ನ ಚುಕ್ಕಿ ವಿನ್ಯಾಸಗಳು ಚಿತ್ರದ ಸಂಕೇತವೆಲ್ಲವನ್ನೂ ಒಂದೇ ತಂತಿಯಲ್ಲಿ ಸಾಗಿಸುವ ಕಾಂಪೊಸಿಟ್ ಕೇಬಲ್‌ನಲ್ಲಿ ಬೆರೆತು ಹೊಸ ಬಣ್ಣಗಳಂತೆ ಕಾಣುತ್ತಿದ್ದವು.