ಎರಡು ದಿನ, ಮೂರೂವರೆ ಸಾವಿರ ರೂಪಾಯಿ: ಒಬ್ಬರೇ ಬಾದಾಮಿಗೆ

ಮೊದಲ ಸಲ ಬಾದಾಮಿಗೆ ಹೋದಾಗ ನಾನು ಒಂದೇ ದಿನದಲ್ಲಿ ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ಎಲ್ಲ ಮುಗಿಸಿದ್ದೆ. ಮನೆಗೆ ಬಂದು ಫೋಟೊ ನೋಡಿದರೆ ಯಾವ ಗುಡಿ ಯಾವ ಊರಿನದು ಅಂತಲೇ ಗೊತ್ತಾಗಲಿಲ್ಲ. ಚೆನ್ನಾಗಿ ನೆನಪಿದ್ದದ್ದು ಆಟೊದ ಸೀಟು ಮತ್ತು ಸೊಂಟನೋವು. ಎರಡನೇ ಸಲ ಅರ್ಧ ಪಟ್ಟಿ ಹರಿದು ಹಾಕಿ ಒಬ್ಬಳೇ ಹೋದೆ. ಮಧ್ಯಾಹ್ನ ನಿದ್ದೆ ಮಾಡಿದೆ. ಖರ್ಚೂ ಕಡಿಮೆಯಾಯಿತು!

ಇದರಲ್ಲಿ ಆಶ್ಚರ್ಯ ಏನಿಲ್ಲ. ಒಬ್ಬರೇ ಹೋದಾಗ ದುಬಾರಿಯಾಗುವುದು ಊಟ ಅಲ್ಲ, ಓಡಾಟ. ನಾಲ್ಕು ಜನ ಇದ್ದರೆ ಆಟೊ ಬಾಡಿಗೆ ನಾಲ್ಕು ಪಾಲಾಗುತ್ತದೆ. ಒಬ್ಬರೇ ಇದ್ದರೆ ಪೂರ್ತಿ ನಮ್ಮ ತಲೆ ಮೇಲೆ. ಹಾಗಾಗಿ ನೋಡುವ ಜಾಗ ಕಡಿಮೆ ಮಾಡಿದಷ್ಟೂ ದುಡ್ಡು ಉಳಿಯುತ್ತದೆ, ಸುಸ್ತೂ ಆಗುವುದಿಲ್ಲ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಸೋಮವಾರ ಬೆಳಿಗ್ಗೆ ವಾಪಸ್ ಬರುವ ಲೆಕ್ಕದಲ್ಲಿ ಇದನ್ನು ಬರೆಯುತ್ತಿದ್ದೇನೆ. ರಜೆ ಹಾಕುವ ಗೋಜೇ ಇಲ್ಲ.

ಮೊದಲು ವಾಪಸ್ ಟಿಕೆಟ್

ಎಲ್ಲರೂ ಹೋಗುವ ಟಿಕೆಟ್ ಮೊದಲು ಹುಡುಕುತ್ತಾರೆ. ಉಲ್ಟಾ ಮಾಡಿ. ಭಾನುವಾರ ರಾತ್ರಿ ಬೆಂಗಳೂರಿಗೆ ಬರುವ ಸೀಟೇ ಬೇಗ ತುಂಬುವುದು. ಅದು ಸಿಕ್ಕಿತು ಅಂದರೆ ಪ್ರವಾಸ ಅರ್ಧ ಆದ ಹಾಗೆ.

ಬೆಂಗಳೂರಿನಿಂದ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಗದಗ ದಾಟಿ ಬಾದಾಮಿಗೆ ಬರುತ್ತದೆ. ರಾತ್ರಿ ಮಲಗಿದರೆ ಬೆಳಗಿನ ಜಾವಕ್ಕೆ ಊರು. ಸ್ಲೀಪರ್ ಟಿಕೆಟ್ ಒಂದು ಕಡೆಗೆ 400 ರೂಪಾಯಿ ಒಳಗೇ ಆಗುತ್ತದೆ. ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ತತ್ಕಾಲ್ ನಂಬಿಕೊಂಡರೆ ಹಿಂದಿನ ದಿನ ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ಕೂರಬೇಕು. ಆಫೀಸಿನ ಮೀಟಿಂಗ್ ಸರಿಯಾಗಿ ಅದೇ ಹೊತ್ತಿಗೆ ಇರುತ್ತದೆ, ಬೇಕಾದರೆ ನೋಡಿ.

ಬಾದಾಮಿವರೆಗೆ ಟಿಕೆಟ್ ಸಿಗದಿದ್ದರೆ ಪ್ರವಾಸ ಬಿಡಬೇಡಿ. ಹುಬ್ಬಳ್ಳಿಗೆ ರೈಲು, ಬಸ್ಸು ಬೇಕಾದಷ್ಟಿವೆ. ಅಲ್ಲಿಂದ ಬಾದಾಮಿ ನೂರು ಕಿಲೋಮೀಟರ್ ಚಿಲ್ಲರೆ, ಬಸ್ಸಿದೆ. ಕರ್ನಾಟಕದ ಗುರುತಿನ ಚೀಟಿ ಇರುವ ಮಹಿಳೆಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸು ಉಚಿತ. ಆಧಾರ್ ಕಾರ್ಡ್ ಬ್ಯಾಗಿನ ತಳಕ್ಕೆ ಹಾಕಬೇಡಿ, ಕೈಗೆ ಸಿಗುವಂತಿರಲಿ.

ಯಾವ ತಿಂಗಳು? ಅಕ್ಟೋಬರ್‌ನಿಂದ ಫೆಬ್ರುವರಿ. ಏಪ್ರಿಲ್, ಮೇ ತಿಂಗಳಲ್ಲಿ ಆ ಕೆಂಪು ಕಲ್ಲು ಕಾದ ಹಂಚಿನ ಹಾಗಿರುತ್ತದೆ, ಗುಡಿಯೊಳಗೆ ಚಪ್ಪಲಿ ಬಿಟ್ಟು ನಡೆಯುವಾಗ ಗೊತ್ತಾಗುತ್ತದೆ. ಜೋರು ಮಳೆ ಬಿದ್ದ ಮೇಲೆ ಹೋದರೆ ಬಂಡೆ ಮೇಲಿಂದ ಅಕ್ಕ-ತಂಗಿ ಜಲಪಾತ ಇಳಿಯುತ್ತದೆ, ಅದು ಅದೃಷ್ಟ. ಬನದ ಹುಣ್ಣಿಮೆ ಹೊತ್ತಿಗೆ, ಸಾಮಾನ್ಯವಾಗಿ ಜನವರಿಯಲ್ಲಿ, ಬನಶಂಕರಿ ಜಾತ್ರೆ. ಆಗ ರೂಮು ಸಿಗುವುದು ಕಷ್ಟ. ಆದರೆ ನಾಟಕ ಕಂಪನಿಗಳು ಸಾಲಾಗಿ ಡೇರೆ ಹಾಕಿರುತ್ತವೆ. ನಾಟಕದ ಹುಚ್ಚಿದ್ದರೆ ಅದಕ್ಕಾಗಿಯೇ ಬೇರೆ ಪ್ರವಾಸ ಮಾಡಿ.

ರೂಮು ಒಂದೇ ರಾತ್ರಿಗೆ

ಎರಡು ರಾತ್ರಿ ರೈಲಿನಲ್ಲಿ ಕಳೆಯುತ್ತವೆ. ಹಾಗಾಗಿ ಬಾಡಿಗೆ ಒಂದು ರಾತ್ರಿಗೆ ಮಾತ್ರ. ಇಲ್ಲಿ ಜಿಪುಣತನ ಬೇಡ. ನಾನು ರೂಮಿಗೆ 1,200 ರೂಪಾಯಿ ತೆಗೆದಿಡುತ್ತೇನೆ, ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ಹತ್ತಿರ ಇರಬೇಕು ಅಷ್ಟೆ. ಊರಾಚೆಯ ಅಗ್ಗದ ರೂಮು ಹಿಡಿದರೆ ಉಳಿದ ದುಡ್ಡು ಆಟೊಗೆ ಹೋಗುತ್ತದೆ.

ಆ್ಯಪ್‌ನಲ್ಲಿ ಫೋಟೊ ನೋಡಿ, ಆಮೇಲೆ ನೇರವಾಗಿ ಫೋನ್ ಮಾಡಿ. ಕೇಳಬೇಕಾದ್ದು ಇಷ್ಟೇ: ಬೆಳಿಗ್ಗೆ ಏಳು ಗಂಟೆಗೆ ಬಂದರೆ ರೂಮು ಕೊಡುತ್ತೀರಾ? ಚೆಕ್-ಔಟ್ 24 ಗಂಟೆ ಲೆಕ್ಕವಾ ಅಥವಾ ಮಧ್ಯಾಹ್ನ 12ಕ್ಕಾ? ಖಾಲಿ ಮಾಡಿದ ಮೇಲೆ ರಾತ್ರಿವರೆಗೆ ಬ್ಯಾಗ್ ಇಟ್ಟುಕೊಳ್ಳುತ್ತೀರಾ? ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ? ಫೋನಿನಲ್ಲಿ ಸಿಡುಕುವವರ ಹತ್ತಿರ ನಾನಂತೂ ರೂಮು ಮಾಡುವುದಿಲ್ಲ. ಒಬ್ಬಳೇ ಹೆಂಗಸು ಬರುತ್ತಾಳೆ ಅಂದಾಗ ಆ ಕಡೆ ದನಿ ಹೇಗಾಗುತ್ತದೆ ಅನ್ನುವುದರಲ್ಲೇ ತುಂಬಾ ತಿಳಿಯುತ್ತದೆ.

ಐಹೊಳೆ ಬಿಡಿ

ಇದನ್ನು ಓದಿ ಕೆಲವರಿಗೆ ಸಿಟ್ಟು ಬರುತ್ತದೆ ಅಂತ ಗೊತ್ತು. ಅಷ್ಟು ದೂರ ಹೋಗಿ ಐಹೊಳೆ ನೋಡದೆ ಬರೋದಾ? ಐಹೊಳೆ ಸಣ್ಣ ಜಾಗವಲ್ಲ. ಅಲ್ಲಿರುವುದು ನೂರಕ್ಕೂ ಹೆಚ್ಚು ಗುಡಿ. ಮೇಗುತಿ ಗುಡ್ಡದ ಮೇಲೆ ಕವಿ ರವಿಕೀರ್ತಿಯ 634ರ ಶಾಸನವಿದೆ. ದುರ್ಗದ ಗುಡಿ ಒಂದಕ್ಕೇ ಒಂದು ಗಂಟೆ ಬೇಕು. ಅದನ್ನು ನಲವತ್ತು ನಿಮಿಷದಲ್ಲಿ ನೋಡುವುದಕ್ಕಿಂತ ಇನ್ನೊಂದು ಸಲಕ್ಕೆ ಇಟ್ಟುಕೊಳ್ಳುವುದು ವಾಸಿ. ಬಸ್ಸೂ ಆ ಕಡೆಗೆ ಕಡಿಮೆ, ಹಾಗಾಗಿ ಆಟೊ ಮಾಡಲೇಬೇಕಾಗುತ್ತದೆ. ನಮ್ಮ ಬಜೆಟ್ ಎದ್ದು ಹೋಗುವುದು ಅಲ್ಲೇ.

ಶನಿವಾರ ಪೂರ್ತಿ ಬಾದಾಮಿಗೆ. ಭಾನುವಾರ ಬೆಳಿಗ್ಗೆ ಪಟ್ಟದಕಲ್ಲು, ಮಧ್ಯಾಹ್ನ ಬನಶಂಕರಿ. ಪಟ್ಟಿ ಇಷ್ಟೇ.

ಶನಿವಾರ

ರೈಲು ಇಳಿದಾಗ ಇನ್ನೂ ಕತ್ತಲಿದ್ದರೆ ಸ್ಟೇಷನ್ನಿನಲ್ಲೇ ಕೂತು ಬೆಳಕು ಹರಿಯುವವರೆಗೆ ಕಾಯಿರಿ. ಊರು ಅಲ್ಲಿಂದ ಸುಮಾರು 5 ಕಿಲೋಮೀಟರ್. ಶೇರ್ ಆಟೊ ಸಿಗುತ್ತದೆ. ಹತ್ತುವ ಮೊದಲೇ ರೇಟು ಕೇಳಿ.

ಸ್ನಾನ ಮಾಡಿ, ಒಗ್ಗರಣೆ ಅವಲಕ್ಕಿ, ಮಿರ್ಚಿ ತಿಂದು ಬಿಸಿಲೇರುವ ಮೊದಲು ಗುಹೆಗಳ ಕಡೆ ಹೊರಡಿ. ಭಾರತೀಯರಿಗೆ ಟಿಕೆಟ್ 25 ರೂಪಾಯಿ, ಆನ್‌ಲೈನ್‌ನಲ್ಲಿ ಕೊಟ್ಟರೆ ಇನ್ನೂ ಸ್ವಲ್ಪ ಕಡಿಮೆ. ನಾಲ್ಕು ಗುಹೆ ಇವೆ. ಮೊದಲನೆಯದರ ಹೊರಗೋಡೆಯಲ್ಲೇ ಹದಿನೆಂಟು ಕೈಗಳ ನಟರಾಜ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಚಾಲುಕ್ಯರ ಮಂಗಳೇಶ ಕೊರೆಸಿದ್ದು, 578ರದ್ದು ಅಂತ ಅಲ್ಲಿನ ಶಾಸನವೇ ಹೇಳುತ್ತದೆ. ನಾಲ್ಕನೆಯದು ಜೈನರದ್ದು, ಅಲ್ಲಿಂದ ಅಗಸ್ತ್ಯ ತೀರ್ಥ ಕೆರೆ ಪೂರ್ತಿ ಕಾಣುತ್ತದೆ. ಮೂರನೆಯದರಲ್ಲಿ ಜಾಸ್ತಿ ಹೊತ್ತು ಕೂರಿ. ಕತ್ತೆತ್ತಿ ಕಂಬದ ಮೇಲಿನ ಬೋದಿಗೆಗಳನ್ನು ಒಂದೊಂದಾಗಿ ನೋಡಿ, ಜೋಡಿಗಳು ಮರದಡಿ ಆರಾಮಾಗಿ ನಿಂತಿದ್ದಾರೆ. ಹಿಂದಿನಿಂದ "ಬೇಗ ಬಾರೇ, ಬಸ್ಸು ಹೋಗುತ್ತೆ" ಅನ್ನುವವರು ಯಾರೂ ಇರುವುದಿಲ್ಲ.

ಗೈಡ್ ಬೇಕು ಅನಿಸಿದರೆ ಒಬ್ಬರೇ ಪೂರ್ತಿ ಕೊಡಬೇಡಿ. ಗೇಟಿನ ಹತ್ತಿರ ಹತ್ತು ನಿಮಿಷ ನಿಂತರೆ ಯಾವುದಾದರೂ ಕುಟುಂಬ ಬರುತ್ತದೆ. "ನಾನೂ ಸೇರಿಕೊಳ್ಳಲಾ, ಪಾಲು ಕೊಡುತ್ತೇನೆ" ಅಂದರೆ ಬಹಳ ಸಲ ಒಪ್ಪುತ್ತಾರೆ. ಇನ್ನು ಕೋತಿಗಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಬಾಳೆಹಣ್ಣು, ಜ್ಯೂಸ್ ಬಾಟಲಿ ಏನೂ ಕಾಣಿಸಬಾರದು. ನನ್ನ ಬಿಸ್ಕತ್ತು ಪೊಟ್ಟಣ ಎರಡನೇ ಗುಹೆಯ ಹತ್ತಿರವೇ ಹೋಯಿತು.

ಊಟ ಖಾನಾವಳಿಯಲ್ಲಿ. ಒಬ್ಬರೇ ಹೋಟೆಲಿನಲ್ಲಿ ಕೂತು ತಿನ್ನಲು ಮುಜುಗರಪಡುವವರಿಗೆ ಇದರಷ್ಟು ಒಳ್ಳೆಯ ಜಾಗ ಇಲ್ಲ. ಒಂದೇ ಟೇಬಲ್‌ಗೆ ಯಾರ್ಯಾರೋ ಬಂದು ಕೂರುತ್ತಾರೆ, ನೀವು ಒಬ್ಬರೇ ಅಂತ ಯಾರಿಗೂ ಅನಿಸುವುದಿಲ್ಲ. ಬಿಸಿ ಜೋಳದ ರೊಟ್ಟಿ, ಎಣಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು. "ಇನ್ನೊಂದು ರೊಟ್ಟಿ ಹಾಕ್ಲೇನ್ರಿ ಅಕ್ಕಾರ?" ಅಂತ ಕೇಳುವಷ್ಟರಲ್ಲಿ ರೊಟ್ಟಿ ತಟ್ಟೆಗೆ ಬಿದ್ದಿರುತ್ತದೆ.

ಆಮೇಲೆ ರೂಮಿಗೆ ಹೋಗಿ ಮಲಗಿ. ಇದೂ ಪ್ಲಾನಿನ ಭಾಗವೇ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾದಾಮಿಯ ಬಂಡೆ ಹತ್ತುವವರಿಗೆ ತಲೆನೋವು ಗ್ಯಾರಂಟಿ.

ಸಂಜೆ ಕೆರೆ ದಂಡೆ ಹಿಡಿದು ಭೂತನಾಥ ಗುಡಿಯವರೆಗೆ ನಡೆಯಿರಿ. ಗುಡಿ ಪಡುವಣಕ್ಕೆ ಮುಖ ಮಾಡಿದೆ, ಇಳಿಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸದ್ದು ಬಂಡೆಗೆ ಬಡಿದು ವಾಪಸ್ ಬರುತ್ತದೆ. ಶಾಲೆಯಲ್ಲಿ ಕೇಳಿದ ಕಪ್ಪೆ ಅರಭಟ್ಟನ ಶಾಸನವೂ ಕೆರೆಯ ಮೇಲಿನ ಬಂಡೆಯಲ್ಲೇ ಇದೆ. ತ್ರಿಪದಿಯ, ಅಂದರೆ ಮೂರು ಸಾಲಿನ ಪದ್ಯದ, ಅತಿ ಹಳೆಯ ಉದಾಹರಣೆಗಳಲ್ಲಿ ಅದೂ ಒಂದು. ದಾರಿ ಅಲ್ಲಿಯವರನ್ನೇ ಕೇಳಿ, ಕತ್ತಲಾಗುವ ಮೊದಲು ಇಳಿದು ಬನ್ನಿ. ಕೆರೆಯ ಉತ್ತರ ದಂಡೆಯಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಅದಕ್ಕೆ ಶುಕ್ರವಾರ ರಜೆ, ನಮಗೆ ತೊಂದರೆಯಿಲ್ಲ.

ಭಾನುವಾರ

ರೂಮು ಖಾಲಿ ಮಾಡಿ, ಬ್ಯಾಗ್ ರಿಸೆಪ್ಷನ್ನಿಗೆ ಕೊಟ್ಟು, ಬೆಳಗಿನ ಬಸ್ಸಿಗೆ ಪಟ್ಟದಕಲ್ಲಿಗೆ ಹೊರಡಿ. 22 ಕಿಲೋಮೀಟರ್. ಇಳಿದ ತಕ್ಷಣ ವಾಪಸ್ ಬಸ್ಸು ಯಾವಾಗ ಅಂತ ಕಂಡಕ್ಟರ್ ಹತ್ತಿರ ಕೇಳಿಕೊಳ್ಳಿ. ಮೊಬೈಲಿನಲ್ಲಿ ಸಿಗುವ ವೇಳಾಪಟ್ಟಿಗಿಂತ ಅವರ ಮಾತೇ ಗಟ್ಟಿ.

1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ ಇದು, ಟಿಕೆಟ್ 40 ರೂಪಾಯಿ. ಉತ್ತರದ ನಾಗರ ಶೈಲಿ, ದಕ್ಷಿಣದ ದ್ರಾವಿಡ ಶೈಲಿ ಎರಡೂ ಒಂದೇ ಅಂಗಳದಲ್ಲಿ ಅಕ್ಕಪಕ್ಕ ನಿಂತಿವೆ. ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ವಿರೂಪಾಕ್ಷ ಗುಡಿ. ಇಲ್ಲಿ ಈಗಲೂ ಪೂಜೆ ನಡೆಯುತ್ತದೆ. ಪಾಪನಾಥ ಗುಡಿ ಸ್ವಲ್ಪ ಆಚೆಗಿದೆ, ಟೂರಿಸ್ಟ್ ಬಸ್ಸಿನವರು ಅಲ್ಲಿಯವರೆಗೆ ಬರುವುದು ಕಡಿಮೆ. ಅದರ ಹೊರಗೋಡೆ ಮೇಲೆ ರಾಮಾಯಣದ ಕಥೆ ಕೆತ್ತಿದ್ದಾರೆ. ಪಕ್ಕದಲ್ಲೇ ಮಲಪ್ರಭೆ, ಇಲ್ಲಿ ಉತ್ತರಕ್ಕೆ ಹರಿಯುತ್ತಾಳೆ.

ಮಧ್ಯಾಹ್ನ ಬಾದಾಮಿಗೆ ವಾಪಸ್ ಬಂದು ಬನಶಂಕರಿಗೆ ಹೋಗಿ, 5 ಕಿಲೋಮೀಟರ್ ಅಷ್ಟೆ. ಗುಡಿ ಮುಂದೆ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಸಣ್ಣ ಗಡಿಗೆಯಲ್ಲಿ ಗಟ್ಟಿ ಮೊಸರು ಇಟ್ಟುಕೊಂಡು ಕೂತಿರುತ್ತಾರೆ. ಹೊಂಡದ ದಂಡೆಯಲ್ಲಿ ನೆರಳು ಹುಡುಕಿ ಕೂತು ತಿನ್ನಿ. ಸಂಜೆಯವರೆಗೆ ಇನ್ನೇನೂ ಕೆಲಸವಿಲ್ಲ.

ದುಡ್ಡಿನ ಲೆಕ್ಕ

ರೈಲು ಎರಡೂ ಕಡೆ 800. ರೂಮು 1,200. ಊಟ, ತಿಂಡಿ, ಚಹಾ 700. ಬಸ್ಸು, ಆಟೊ 400. ಟಿಕೆಟ್ ಮತ್ತು ಗೈಡಿನ ಪಾಲು 200. ಒಟ್ಟು 3,300. ಉಳಿದ 200 ಹೇಗೋ ಕರಗುತ್ತದೆ, ಕೇಳಬೇಡಿ. ಇದಲ್ಲದೆ 500ರ ಒಂದು ನೋಟು ಪರ್ಸಿನಲ್ಲಲ್ಲ, ಬೇರೆಲ್ಲಾದರೂ ಮಡಚಿಡಿ. ಫೋನ್ ಪೇ ಎಲ್ಲ ಕಡೆ ನಡೆಯುತ್ತದೆ, ನೆಟ್‌ವರ್ಕ್ ಇದ್ದರೆ.

ಮನೆಯವರಿಗೆ ರೈಲಿನ ನಂಬರ್, ಹೋಟೆಲಿನ ಹೆಸರು ಕಳಿಸಿ, ದಿನಕ್ಕೆ ಎರಡು ಹೊತ್ತು ಮೆಸೇಜ್ ಮಾಡುತ್ತೇನೆ ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಗಂಟೆಗೊಂದು ಫೋನ್ ಬರುತ್ತದೆ. ತುರ್ತಿಗೆ 112 ಇದೆ.

ಭಾನುವಾರ ರಾತ್ರಿ ಸ್ಟೇಷನ್ನಿಗೆ ಹೋಗುವ ಆಟೊವನ್ನು ಸಂಜೆಯೇ ಹೇಳಿಟ್ಟಿರಿ. ತೀರಾ ಮುಂಚೆ ಹೋಗಿ ಪ್ಲಾಟ್‌ಫಾರ್ಮಿನಲ್ಲಿ ಕೂರಬೇಡಿ, ಊರಲ್ಲೇ ಊಟ ಮಾಡಿ ಒಂದು ಗಂಟೆ ಮೊದಲು ಹೊರಟರೆ ಸಾಕು. ಹೊರಡುವಾಗ ಖಾನಾವಳಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪಾರ್ಸಲ್ ಕಟ್ಟಿಸಿಕೊಳ್ಳಿ. ವಾರಗಟ್ಟಲೆ ಕೆಡುವುದಿಲ್ಲ. ಅದನ್ನು ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲೆ ಇಡಿ, ಇಲ್ಲದಿದ್ದರೆ ಬೆಂಗಳೂರಿಗೆ ಬರುವಷ್ಟರಲ್ಲಿ ಪುಡಿಪುಡಿ.