ಮನೆಯಲ್ಲಿ ಕ್ಯಾಂಟನೀಸ್, ಹೊರಗೆ ಇಂಗ್ಲಿಷ್: ಮಗುವಿಗೆ ಎರಡನ್ನೂ ದಕ್ಕಿಸುವ ಬಗೆ

ಕೆನಡಾದ ಟೊರೊಂಟೊಗೆ ಉತ್ತರದಲ್ಲಿರುವ ಮಾರ್ಕಂನಲ್ಲಿ ಹಾಂಗ್‌ಕಾಂಗ್‌ನಿಂದ ಬಂದು ನೆಲೆಸಿದ ಕುಟುಂಬಗಳು ಬಹಳ. ಅವರ ನೆರೆಯಲ್ಲಿ ಬದುಕುತ್ತಾ ನಾನು ಮತ್ತೆ ಮತ್ತೆ ಕಂಡ ಸಂಗತಿಯೊಂದಿದೆ. ಮೂರನೆಯ ವಯಸ್ಸಿನಲ್ಲಿ ಹಾಂಗ್‌ಕಾಂಗ್‌ನ ಮನೆಮಾತಾದ ಕ್ಯಾಂಟನೀಸ್ ಎಂಬ ಚೀನೀ ನುಡಿಯಲ್ಲಿ ಅರಳು ಹುರಿದಂತೆ ಮಾತನಾಡುತ್ತಿದ್ದ ಮಗು, ಶಾಲೆ ಸೇರಿದ ಒಂದೆರಡು ವರ್ಷಗಳಲ್ಲಿ ಅಜ್ಜಿಯ ಪ್ರಶ್ನೆಗಳಿಗೆ ಇಂಗ್ಲಿಷ್‌ನಲ್ಲಿ ಮಾತ್ರ ಉತ್ತರಿಸತೊಡಗುತ್ತದೆ. ಇಂಗ್ಲಿಷ್ ಎಲ್ಲಿ ಹಿಂದೆ ಬೀಳುತ್ತದೋ ಎಂದು ಚಿಂತಿಸುವ ತಂದೆತಾಯಿ ಕ್ಯಾಂಟನೀಸ್ ಜಾರುತ್ತಿರುವುದನ್ನು ಗಮನಿಸುವುದೇ ಇಲ್ಲ. ಇಂತಹ ಮನೆಗಳಿಗೆ ಸೊಸೆಯಾಗಿ, ಅಳಿಯನಾಗಿ ಸೇರಿದ ಕನ್ನಡಿಗರೂ ಇರುವುದರಿಂದ, ಈ ಕೆಲಸವನ್ನು ಹೇಗೆ ಮಾಡಬೇಕೆಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ.

ಮೊದಲು ಭಾಷೆಗಳನ್ನು ಹಂಚಿಕೊಳ್ಳಿ. ತಂದೆ, ತಾಯಿ ಇಬ್ಬರೂ ಮಗುವಿನೊಡನೆ ತಮ್ಮ ತಮ್ಮ ಭಾಷೆಯಲ್ಲೇ ಮಾತನಾಡುವ ‘ಒಬ್ಬರಿಗೆ ಒಂದು ಭಾಷೆ’ ಎಂಬ ಪದ್ಧತಿ ಹಳೆಯದು. ಫ್ರೆಂಚ್ ಭಾಷಾವಿಜ್ಞಾನಿ ಜೂಲ್ ರೋಂಜಾ ತಮ್ಮ ಮಗನನ್ನು ಫ್ರೆಂಚ್ ಮತ್ತು ಜರ್ಮನ್‌ಗಳಲ್ಲಿ ಬೆಳೆಸಿದ ವಿವರವನ್ನು 1913ರಲ್ಲೇ ಪ್ರಕಟಿಸಿದ್ದರು. ತಂದೆತಾಯಿಯಲ್ಲಿ ಒಬ್ಬರಿಗಷ್ಟೇ ಕ್ಯಾಂಟನೀಸ್ ಬರುತ್ತಿದ್ದರೆ ಇದನ್ನು ಬಿಟ್ಟು ಬೇರೆ ದಾರಿಯಿಲ್ಲ. ಇಬ್ಬರಿಗೂ ಬರುತ್ತಿದ್ದರೆ ಮಾತ್ರ, ಕೆನಡಾದಂತಹ ದೇಶದಲ್ಲಿ ಹೊಸ್ತಿಲೊಳಗೆ ಕ್ಯಾಂಟನೀಸ್ ಮಾತ್ರ ಎಂದು ನಿರ್ಧರಿಸುವುದೇ ಸರಿ. ಇಂಗ್ಲಿಷನ್ನು ಶಾಲೆ, ಆಟದ ಮೈದಾನ, ಟೀವಿ ಎಲ್ಲವೂ ಪುಕ್ಕಟೆಯಾಗಿ ಕಲಿಸುತ್ತವೆ. ಹಾಂಗ್‌ಕಾಂಗ್‌ನಲ್ಲಿ ಲೆಕ್ಕ ತಿರುಗಿ, ಅಲ್ಲಿ ಪೋಷಣೆ ಬೇಕಾಗುವುದು ಇಂಗ್ಲಿಷ್‌ಗೆ. ಅನೇಕ ಮನೆಗಳಲ್ಲಿ ಆ ಇಂಗ್ಲಿಷ್ ಮಗುವಿಗೆ ಸಿಗುವುದು ಫಿಲಿಪ್ಪೀನ್ಸ್‌ನಿಂದ ಬಂದ ಮನೆಗೆಲಸದ ಸಹಾಯಕಿಯ ಬಾಯಿಂದ. ಅವರ ಉಚ್ಚಾರಣೆ ಸರಿಯಿಲ್ಲವೆಂದು ಮೂಗು ಮುರಿಯುವುದು ಅನಗತ್ಯ. ಮಗುವಿನೊಡನೆ ದಿನವಿಡೀ ಮಾತನಾಡುವ ಮನುಷ್ಯರಿಗಿಂತ ಒಳ್ಳೆಯ ಪಾಠವಿಲ್ಲ.

ಮಗು ಹುಟ್ಟಿದಂದಿನಿಂದ ಸ್ನಾನ, ಊಟ, ಬಟ್ಟೆ ತೊಡಿಸುವುದು ಎಲ್ಲದರ ಜೊತೆಗೂ ಮಾತನಾಡುತ್ತಿರಿ. ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತಗಳ (ಟೋನ್) ಬಗ್ಗೆ ಆತಂಕ ಬೇಡ. ಕ್ಯಾಂಟನೀಸ್‌ನಲ್ಲಿ ಇಂತಹ ಆರು ಟೋನ್‌ಗಳಿವೆ. ‘ಮಾಯ್’ ಎಂಬುದನ್ನು ತಗ್ಗಿನಿಂದ ಏರಿಸಿ ಹೇಳಿದರೆ ಕೊಳ್ಳುವುದು, ತಗ್ಗಿನಲ್ಲೇ ಸಮವಾಗಿ ಹೇಳಿದರೆ ಮಾರುವುದು. ದೊಡ್ಡವರಾದ ನಮಗೆ ಇದು ಕಬ್ಬಿಣದ ಕಡಲೆಯಾದರೂ ಮಕ್ಕಳು ಟೋನ್‌ಗಳನ್ನು ವ್ಯಂಜನಗಳಿಗಿಂತ ಮುಂಚೆಯೇ ಹಿಡಿಯುತ್ತಾರೆ. ಕೂರಿಸಿ ತಿದ್ದಿಸುವ ಅಗತ್ಯವಿಲ್ಲ.

ಹೆಚ್ಚಿನವರು ಎಡವುವುದು ಕಥೆ ಓದಿ ಹೇಳುವ ಹಂತದಲ್ಲಿ. ಕ್ಯಾಂಟನೀಸ್ ಮಾತನಾಡುವವರು ಸಾಮಾನ್ಯವಾಗಿ ಬರೆಯುವುದು ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್‌ನ ವ್ಯಾಕರಣವನ್ನು ಆಧರಿಸಿದ ಪ್ರಮಾಣಿತ ಚೀನೀ ಬರಹವನ್ನು. ಮಕ್ಕಳ ಪುಸ್ತಕಗಳೂ ಬಹುಪಾಲು ಅದರಲ್ಲೇ ಇರುತ್ತವೆ. ಅಕ್ಷರಗಳನ್ನು ಕ್ಯಾಂಟನೀಸ್ ಉಚ್ಚಾರಣೆಯಲ್ಲಿ ಹಾಗೆಯೇ ಓದಿಕೊಂಡು ಹೋದರೆ ಹೊರಡುವುದು ಯಾವ ಅಜ್ಜಿಯೂ ಆಡದ ಮಾತು. ನಮ್ಮ ಗ್ರಾಂಥಿಕ ಕನ್ನಡಕ್ಕೂ ಆಡುಗನ್ನಡಕ್ಕೂ ಅಂತರವಿದ್ದರೂ ಪದಗಳ ಬೇರು ಹೆಚ್ಚಾಗಿ ಒಂದೇ ಆಗಿರುತ್ತದೆ. ಕ್ಯಾಂಟನೀಸ್‌ನಲ್ಲಾದರೋ ಬರಹದ ಮತ್ತು ಮಾತಿನ ನಿತ್ಯ ಬಳಕೆಯ ಪದಗಳೇ ಬೇರೆ. ಮರಿಕರಡಿಗೆ ಮಲಗಲು ಇಷ್ಟವಿಲ್ಲ ಎಂಬ ಸಾಲು ಪುಸ್ತಕದಲ್ಲಿ ‘ಸಿಯು ಹುಂಗ್ ಪತ್ ಸೊಂಗ್ ಸೊಯ್ ಕಾವ್’ ಎಂದಿರುತ್ತದೆ. ಮನೆಯಲ್ಲಿ ಅದನ್ನೇ ‘ಹುಂಗ್ ಚೈ ಮ್ ಸೊಂಗ್ ಫನ್ ಕಾವ್’ ಎನ್ನುತ್ತಾರೆ. ಎರಡು ವರ್ಷದ ಮಗು ಮೊದಲನೆಯದನ್ನು ಕೇಳಿ ಎದ್ದು ಹೋದರೆ ಅದರ ತಪ್ಪಲ್ಲ.

ಆದ್ದರಿಂದ ಪುಸ್ತಕವನ್ನು ಮಗುವಿನ ಮುಂದೆ ತೆರೆಯುವ ಮೊದಲು ನೀವೊಬ್ಬರೇ ಓದಿಕೊಂಡು ಆಡುಮಾತಿಗೆ ತಿರುಗಿಸಿಕೊಳ್ಳಿ. ಬದಲಾಗಬೇಕಾದವು ಹೆಚ್ಚಿಲ್ಲ. ಅವನು, ಅವಳು ಎಂಬುದಕ್ಕೆ ಪುಸ್ತಕದ ‘ಥಾ’ ಹೋಗಿ ‘ಖೊಯ್’ ಬರಬೇಕು. ಹೌದೆಂಬ ‘ಸಿ’ ಹೋಗಿ ‘ಹೈ’ ಬರಬೇಕು. ಅಲ್ಲಗಳೆಯುವ ‘ಪತ್’ ಇರುವಲ್ಲಿ ‘ಮ್’, ನೋಡು ಎಂಬ ‘ಹೊನ್’ ಇರುವಲ್ಲಿ ‘ಥೈ’, ಷಷ್ಠಿಯ ‘ತಿಕ್’ ಇರುವಲ್ಲಿ ‘ಕೆ’. ಈ ಐದಾರು ಪದಗಳನ್ನು ಪೆನ್ಸಿಲಿನಲ್ಲಿ ಸಾಲಿನ ಕೆಳಗೆ ಗುರುತು ಹಾಕಿಕೊಂಡರೆ ಓದುವಾಗ ನಾಲಿಗೆ ತಡವರಿಸುವುದಿಲ್ಲ. ಬಳಿಕ ವಾಕ್ಯದ ಕೊನೆಗೆ ಮಾತಿನಲ್ಲಿ ಸಹಜವಾಗಿ ಬರುವ ‘ಆ’, ‘ಲಾ’, ‘ವೊ’ ಎಂಬ ಕಿರುನುಡಿಗಳನ್ನು ಸೇರಿಸಿ. ಪುಸ್ತಕದಲ್ಲಿ ಇವು ಅಪರೂಪ. ಅಚ್ಚರಿ, ಒತ್ತಾಯ, ಅನುನಯ ಎಲ್ಲವೂ ಅಡಗಿರುವುದು ಇವುಗಳಲ್ಲೇ. ಒಂದು ಪುಟವನ್ನು ಆಡುಮಾತಿನಲ್ಲೂ ಮುಂದಿನದನ್ನು ಬರಹದ ಭಾಷೆಯಲ್ಲೂ ಓದುವುದು ಅತ್ಯಂತ ಕೆಟ್ಟ ಕ್ರಮ. ಸಾಲಿನ ಕೆಳಗೆ ಬೆರಳಾಡಿಸುವುದನ್ನೂ ಸದ್ಯಕ್ಕೆ ಬಿಡಿ, ಏಕೆಂದರೆ ಬೆರಳು ತೋರಿಸುವ ಅಕ್ಷರವೊಂದು, ಬಾಯಿ ಹೇಳುವ ಪದವೊಂದು ಆಗುತ್ತದೆ. ಐದರ ಸುಮಾರಿಗೆ ಅದೇ ಪುಸ್ತಕವನ್ನು ಮೊದಲು ಆಡುಮಾತಿನಲ್ಲಿ ಹೇಳಿ, ಆಮೇಲೆ ಬರೆದಂತೆಯೇ ಓದಿ ತೋರಿಸಿದರೆ ಮಗು ಎರಡನ್ನೂ ಬೇರ್ಪಡಿಸಿಕೊಳ್ಳುತ್ತದೆ.

ಇಷ್ಟು ಶ್ರಮ ಬೇಡವೆನ್ನುವವರಿಗೆ ಅಡ್ಡದಾರಿಯೊಂದಿದೆ: ಬರಹವೇ ಇಲ್ಲದ ಚಿತ್ರಪುಸ್ತಕಗಳನ್ನು ತಂದು ಕಥೆಯನ್ನು ನೀವೇ ಹೇಳುವುದು. ನನ್ನ ಆಯ್ಕೆ ಯಾವಾಗಲೂ ಇದೇ. ಪುಟಕ್ಕೆ ತಾಗಿಸಿದರೆ ಓದಿ ಹೇಳುವ ಪೆನ್ನುಗಳನ್ನೂ ‘ಚೀನೀ ಕಲಿಸುವ’ ಆ್ಯಪ್‌ಗಳನ್ನೂ ಕೊಳ್ಳುವ ಮುನ್ನ ಧ್ವನಿಯನ್ನು ಕೇಳಿ ನೋಡಿ. ಪೆಟ್ಟಿಗೆಯ ಮೇಲೆ ಚೀನೀ ಎಂದಿದ್ದರೆ ಒಳಗಿರುವುದು ಸಾಮಾನ್ಯವಾಗಿ ಮ್ಯಾಂಡರಿನ್. ಪದಗಳ ಕಾರ್ಡುಗಳಂತೂ ದುಡ್ಡು ದಂಡ.

ಮುಂದಿನ ತೊಡಕು ಮಗು ಇಂಗ್ಲಿಷ್‌ನಲ್ಲಿ ಉತ್ತರಿಸಲು ಆರಂಭಿಸಿದಾಗ ಎದುರಾಗುತ್ತದೆ. ‘ನನಗೆ ಅರ್ಥವಾಗಲಿಲ್ಲ’ ಎಂದು ನಟಿಸುವವರಿದ್ದಾರೆ; ಅಂಗಡಿಯಲ್ಲಿ ಇಂಗ್ಲಿಷ್ ಮಾತನಾಡುವ ಅಮ್ಮನನ್ನು ಕಂಡಿರುವ ಮಗು ಈ ಸುಳ್ಳನ್ನು ಬೇಗ ಹಿಡಿಯುತ್ತದೆ. ಗದರಿಸಿದರೆ ಮಾತೇ ನಿಲ್ಲುತ್ತದೆ. ಮಗು ಹೇಳಿದ್ದನ್ನೇ ಕ್ಯಾಂಟನೀಸ್‌ನಲ್ಲಿ ಮರುನುಡಿದು, ಅದರ ಮೇಲೊಂದು ಪ್ರಶ್ನೆ ಕೇಳಿ ಸಂಭಾಷಣೆಯನ್ನು ಮುಂದುವರಿಸಿ. ಮಗು ಇಂಗ್ಲಿಷ್‌ನಲ್ಲಿ ಹಾಲು ಬೇಕೆಂದರೆ, ‘ಹಾಲು ಬೇಕಾ, ಬಿಸಿಯದೋ ತಣ್ಣನೆಯದೋ’ ಎಂದು ಕ್ಯಾಂಟನೀಸ್‌ನಲ್ಲಿ ಕೇಳಿದರೆ ಒಂದು ಪದವಾದರೂ ಆ ಭಾಷೆಯಲ್ಲಿ ಹೊರಡುತ್ತದೆ. ಇದಕ್ಕಿಂತ ಬಲವಾದದ್ದು ಇಂಗ್ಲಿಷ್ ಬಾರದ ಹಿರಿಯರ ಸಂಗ. ತಾಯಿಯ ತಾಯಿ ‘ಪೋಪೋ’, ತಂದೆಯ ತಂದೆ ‘ಯೇಯೇ’. ವಾರಕ್ಕೆರಡು ಬಾರಿ ಇವರೊಡನೆ ವಿಡಿಯೊ ಕರೆ ಮಾಡಿಸಿ, ನೀವು ಕೋಣೆಯಿಂದ ಆಚೆ ಹೋಗಿ. ಪಕ್ಕದಲ್ಲಿ ಕುಳಿತರೆ ಮಗು ನಿಮ್ಮನ್ನು ದುಭಾಷಿಯನ್ನಾಗಿ ಮಾಡಿಕೊಳ್ಳುತ್ತದೆ.

ಎರಡು ಭಾಷೆಗಳು ಬೆರೆತಾಗ ಗಾಬರಿಯಾಗಬೇಡಿ. ಹಾಂಗ್‌ಕಾಂಗ್‌ನ ಭಾಷಾವಿಜ್ಞಾನಿ ದಂಪತಿಗಳಾದ ವರ್ಜೀನಿಯಾ ಯಿಪ್ ಮತ್ತು ಸ್ಟೀಫನ್ ಮ್ಯಾಥ್ಯೂಸ್ ತಮ್ಮ ಮಕ್ಕಳನ್ನೇ ಈ ಎರಡು ಭಾಷೆಗಳಲ್ಲಿ ಬೆಳೆಸಿ, ಅವರ ಮಾತನ್ನು ದಾಖಲಿಸಿ ಅಧ್ಯಯನ ಮಾಡಿದ್ದಾರೆ. ‘ಅಪ್ಪ ತಂದ ಗೊಂಬೆ’ ಎಂದು ವಿಶೇಷಣವನ್ನು ಮುಂದಿಡುವುದು ಕನ್ನಡದ ರೀತಿ, ಕ್ಯಾಂಟನೀಸ್‌ನದೂ ಹೌದು. ಕ್ಯಾಂಟನೀಸ್ ಬಲವಾಗಿರುವ ಮಕ್ಕಳು ಇಂಗ್ಲಿಷ್ ವಾಕ್ಯವನ್ನೂ ಕೆಲಕಾಲ ಹಾಗೆಯೇ ಕಟ್ಟುತ್ತಾರೆಂದು ಅವರು ತೋರಿಸಿದ್ದಾರೆ. ಇದು ಗೊಂದಲವಲ್ಲ, ಬೆಳವಣಿಗೆಯ ಒಂದು ಹಂತ. ಮಾತು ನಿಜವಾಗಿಯೂ ತಡವಾದರೆ ವಾಕ್‌ ಚಿಕಿತ್ಸಕರನ್ನು ಕಾಣಿರಿ, ಮಗುವಿಗೆ ಬರುವ ಪದಗಳನ್ನು ಎರಡೂ ಭಾಷೆಗಳಿಂದ ಕೂಡಿಸಿ ಲೆಕ್ಕಹಾಕಲು ಕೇಳಿ. ಮನೆಯ ಭಾಷೆಯನ್ನು ಬಿಟ್ಟುಬಿಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎರಡು ಭಾಷೆಗಳಿಂದಾಗಿ ಮಾತು ಕುಂಠಿತವಾಗುವುದಿಲ್ಲ.

ವಾರಾಂತ್ಯದ ಚೀನೀ ಶಾಲೆಗೆ ಸೇರಿಸುವುದಿದ್ದರೆ ಶುಲ್ಕ ಕಟ್ಟುವ ಮೊದಲು ಒಂದು ತರಗತಿಯಲ್ಲಿ ಕುಳಿತು, ಪಾಠ ನಡೆಯುವುದು ಯಾವ ಭಾಷೆಯಲ್ಲಿ, ಕಲಿಸುವುದು ಹಾಂಗ್‌ಕಾಂಗ್‌ನ ಸಾಂಪ್ರದಾಯಿಕ ಅಕ್ಷರಗಳನ್ನೋ ಸರಳೀಕೃತ ಅಕ್ಷರಗಳನ್ನೋ ಎಂಬುದನ್ನು ಕಣ್ಣಾರೆ ನೋಡಿ. ಕಚೇರಿಯಲ್ಲಿ ಕೊಡುವ ಭರವಸೆಯನ್ನು ನಂಬಬೇಡಿ. ವಿರಾಮದಲ್ಲಿ ಶಿಕ್ಷಕರು ಮಕ್ಕಳೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತಾರೆಂಬುದನ್ನು ಗಮನಿಸಿ.