ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದ ನನ್ನ ರೇಡಿಯೊ

ಚೀನಾದ ಒಂದು ಅಂಗಡಿಯಿಂದ ಆನ್‌ಲೈನ್‌ನಲ್ಲಿ ಪುಟ್ಟ ಶಾರ್ಟ್‌ವೇವ್ ರೇಡಿಯೊ ತರಿಸಿದ್ದೆ. ಒಂದು ವಾರದಲ್ಲಿ ಭಾರತಕ್ಕೆ ಬಂತು. ಆಮೇಲೆ ಹನ್ನೆರಡು ದಿನ ಟ್ರ್ಯಾಕಿಂಗ್‌ನಲ್ಲಿ ಒಂದೇ ಸಾಲು: ಕಸ್ಟಮ್ಸ್‌ನಲ್ಲಿ ತಡೆಹಿಡಿಯಲಾಗಿದೆ. ಅಂಗಡಿಯವನಿಗೆ ಬರೆದರೆ 'ದಯವಿಟ್ಟು ಕಾಯಿರಿ' ಅಷ್ಟೇ.

ಕೊನೆಗೆ ಕೊರಿಯರ್‌ನವರಿಗೇ ಫೋನ್ ಮಾಡಿದೆ. ತೊಂದರೆ ಎರಡು ಇದ್ದವು. ಆರ್ಡರ್‌ನಲ್ಲಿ ನಾನು ಮನೆಯಲ್ಲಿ ಕರೆಯುವ ಹೆಸರು ಹಾಕಿದ್ದೆ, ಆಧಾರ್‌ನಲ್ಲಿ ಬೇರೆ. ಹಾಗಾಗಿ ಕೆವೈಸಿ ಹೊಂದಲಿಲ್ಲ. ಇನ್ನೊಂದು, ಅಂಗಡಿಯವನು ಉಪಕಾರ ಮಾಡೋಣ ಅಂತ ಪೊಟ್ಟಣದ ಮೇಲೆ 'ಗಿಫ್ಟ್, 10 ಡಾಲರ್' ಎಂದು ಬರೆದಿದ್ದ. ಕೇಳಿದ್ದು ಯಾರು ಅವನನ್ನು! 5,000 ರೂಪಾಯಿವರೆಗಿನ ಗಿಫ್ಟ್‌ಗೆ ಇದ್ದ ಸುಂಕ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಗಿದೆ, ರಾಖಿಯಂಥದ್ದು ಬಿಟ್ಟರೆ. ಸುಳ್ಳು ಬೆಲೆಯಿಂದ ಅನುಮಾನ ಬಂತು, ಅಷ್ಟೇ ಲಾಭ.

ನಾನು ಮಾಡಿದ್ದು ಇಷ್ಟು. ಕೊರಿಯರ್‌ನ ಲಿಂಕ್‌ನಲ್ಲಿ ಆಧಾರ್ ಹಾಕಿದೆ. ಎರಡೂ ಹೆಸರು ನನ್ನವೇ ಎಂದು ಒಂದು ಪತ್ರಕ್ಕೆ ಸಹಿ ಮಾಡಿ ಕಳಿಸಿದೆ. ನಿಜವಾದ ಬಿಲ್ಲು, ಕಾರ್ಡಿನಿಂದ ದುಡ್ಡು ಹೋದ ಸ್ಟೇಟ್‌ಮೆಂಟ್ ಜೊತೆಗಿಟ್ಟೆ. ಮೂರನೇ ದಿನ ಸುಂಕದ ಚೀಟಿ ಬಂತು. ಸ್ವಲ್ಪ ಜಾಸ್ತಿಯೇ ಅನಿಸಿತು, ಆದರೂ ಕಟ್ಟಿದೆ. ಮರುದಿನ ಸಂಜೆ ರೇಡಿಯೊ ಮನೆಯಲ್ಲಿತ್ತು. ಈಗ ಆರ್ಡರ್ ಮಾಡುವಾಗ ಆಧಾರ್ ಪಕ್ಕದಲ್ಲಿಟ್ಟುಕೊಂಡೇ ಹೆಸರು ಟೈಪ್ ಮಾಡುತ್ತೇನೆ.